ಕಲ್ಲು ನಕ್ಕಿತು

ಓರೆ ಬಿಸಿಲು ಬಿದ್ದಾಗ ಮಾತ್ರ ಅದು ಕಾಣುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಅವಳು ನಿನ್ನೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹಾಗೆ ಹೇಳಿಕೊಂಡೇ ಮೂರು ಮಹಡಿ ಹತ್ತಿದ್ದಳು, ಹಾಗೆ ಹೇಳಿಕೊಂಡೇ ಬೀಗಕ್ಕೆ ಕೀಲಿ ಹಾಕಿದ್ದಳು. ಬಾಗಿಲು ತೆರೆದ ಕೂಡಲೆ ಮೊದಲು ಕಂಡದ್ದು ಅದೇ. ಒಂದು ಕುರ್ಚಿಯೂ ಇಲ್ಲದ ಖಾಲಿ ಹಾಲ್, ಗೋಡೆಗಳಿಗೆ ಹೊಸ ಬಣ್ಣದ ವಾಸನೆ, ಕೆಳಗೆ ಮೂವತ್ತು ವರ್ಷ ಹಳೆಯ ಬಿಳಿ ಅಮೃತಶಿಲೆ. ಒಂದು ವಾರ ಉಜ್ಜಿ ಉಜ್ಜಿ ಆ ಕಲ್ಲಿನೊಳಗಿನ ಬೂದು ನರಗಳನ್ನು ಮೇಲಕ್ಕೆ ತಂದಿದ್ದರು. ಕಿಟಕಿ, ಕಿಟಕಿಯ ಸರಳು, ಸರಳಿನಾಚೆಯ ಆಕಾಶ ಎಲ್ಲ ನೆಲದಲ್ಲಿ ತಲೆಕೆಳಗಾಗಿ ನಿಂತಿದ್ದವು. ಆ ಆಕಾಶದ ನಡುವೆ, ಗೋಡೆಯಿಂದ ಎರಡಡಿ ಈಚೆಗೆ, ಒಂದು ತೋಳಿನಷ್ಟು ಉದ್ದಕ್ಕೆ ಏನೂ ಇರಲಿಲ್ಲ. ಕಲೆ ಎಂದರೆ ಕಪ್ಪಗೋ ಹಳದಿಯೋ ಏನಾದರೊಂದು ಇರಬೇಕಲ್ಲ. ಇದಕ್ಕೆ ಬಣ್ಣವೇ ಇಲ್ಲ. ಕನ್ನಡಿಯ ಮೇಲೆ ಯಾರೋ ಉಸಿರು ಬಿಟ್ಟು ಹೋದ ಹಾಗಿತ್ತು, ಆ ಉಸಿರು ಆರುವುದನ್ನೇ ಮರೆತ ಹಾಗಿತ್ತು. ಅವಳು ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಮೊಣಕಾಲೂರಿದಳು. ಅಂಗೈಯಗಲದ ಪ್ಯಾಡನ್ನು ನೀರಲ್ಲಿ ಅದ್ದಿ ಉಜ್ಜತೊಡಗಿದಳು. ಪ್ಯಾಡಿನ ಅಡಿಯಿಂದ ಹಾಲಿನಂಥ ನೀರು ಹೊರಟಿತು. ಒರೆಸಿದಾಗ ಕಲೆ ಹೋದ ಹಾಗೇ ಕಂಡಿತು. ಒದ್ದೆಯಿರುವ ತನಕ ಎಲ್ಲ ಕಲ್ಲೂ ಹೊಳೆಯುತ್ತದೆ, ಅದು ಅವಳಿಗೂ ಗೊತ್ತು. ಹನ್ನೊಂದು ಗಂಟೆಗೆ ಚಿಕ್ಕಪ್ಪ ಬರುತ್ತಾನೆ. ಅಷ್ಟರಲ್ಲಿ ಈ ಕಲೆ ಹೋಗಬೇಕು, ಇಲ್ಲವಾದರೆ ತಾನು ಬಾಯಿ ಬಿಡಬೇಕು. ಎರಡೂ ಆಗದಿದ್ದರೆ ದೊಡ್ಡಮ್ಮ ಇವತ್ತೇ ಕೆಲಸ ಬಿಟ್ಟು ಮನೆಗೆ ಹೋಗುತ್ತಾಳೆ.

“ಇದು ಎಂಟುನೂರಾ ಹದಿನೈದುನೂರಾ, ನೋಡೇ ಮಗೂ,” ಎಂದಳು ದೊಡ್ಡಮ್ಮ, ಪಕ್ಕದಲ್ಲಿ ಕೂತು ಇನ್ನೊಂದು ಪ್ಯಾಡನ್ನು ಅವಳ ಮುಖದ ಮುಂದೆ ಹಿಡಿದು. ಪ್ಯಾಡಿನ ಬೆನ್ನಿಗೆ ಅಚ್ಚೊತ್ತಿದ ಸಂಖ್ಯೆ ಉಗುರಿನಷ್ಟು ದೊಡ್ಡದಾಗೇ ಇತ್ತು. ಸಂಖ್ಯೆ ಹೆಚ್ಚಿದಷ್ಟೂ ಪ್ಯಾಡು ನಯ. ನಾನೂರರ ಗೀರನ್ನು ಎಂಟುನೂರು ಅಳಿಸಬೇಕು, ಎಂಟುನೂರರದ್ದನ್ನು ಹದಿನೈದುನೂರು. ನಡುವೆ ಒಂದು ಮೆಟ್ಟಿಲು ತಪ್ಪಿದರೂ ಕೊನೆಯ ಪೌಡರಿನ ಹೊಳಪಿನೊಳಗೆ ಗೀರು ಉಳಿದುಬಿಡುತ್ತದೆ.

“ಹದಿನೈದುನೂರು.”

“ಅಂದ್ಕೊಂಡೆ. ಬೆರಳಿಗೆ ಹಾಗೇ ಅನ್ನಿಸ್ತು.” ಬೆರಳಿಗೆ ಹಾಗೆ ಅನ್ನಿಸಿದ್ದರೆ ಕೇಳುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದುದರಿಂದ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ದೊಡ್ಡಮ್ಮ ಯಾವ ಲೆಕ್ಕದಿಂದಲೂ ಅವಳ ದೊಡ್ಡಮ್ಮನಲ್ಲ. ಚಿಕ್ಕಪ್ಪನ ಜೊತೆ ಇಪ್ಪತ್ತೆರಡು ವರ್ಷದಿಂದ ನೆಲ ಉಜ್ಜುತ್ತಿರುವ ಹೆಂಗಸು. ಡಿಗ್ರಿ ಮುಗಿಸಿ ಒಂದೂವರೆ ವರ್ಷ ಮನೆಯಲ್ಲಿ ಕೂತಿದ್ದವಳನ್ನು ಚಿಕ್ಕಪ್ಪ, “ಗೋಡೆ ನೋಡ್ಕೊಂಡು ಕೂರೋ ಬದಲು ನೆಲ ನೋಡು ಬಾ” ಎಂದು ಕರೆತಂದ ಮೊದಲ ದಿನ, ಈ ಹೆಂಗಸನ್ನು ಏನೆಂದು ಕರೆಯಬೇಕೋ ತೋಚದೆ ಅವಳು ಮಧ್ಯಾಹ್ನದ ತನಕ ಏನೂ ಕರೆಯಲೇ ಇಲ್ಲ. ಏನು ಬೇಕಾದರೂ ಎದ್ದು ಹೋಗಿ ಮುಂದೆ ನಿಂತುಬಿಡುತ್ತಿದ್ದಳು. ಊಟದ ಡಬ್ಬಿ ಬಿಚ್ಚುವಾಗ ದೊಡ್ಡಮ್ಮನಿಗೆ ಸಾಕಾಗಿ ಹೋಯಿತು. “ದೊಡ್ಡಮ್ಮ ಅನ್ನೇ, ನಾಲಿಗೆ ಏನೂ ಸವೆಯಲ್ಲ. ಎಲ್ರಿಗೂ ದೇವರು ಬಾಯಿ ಕೊಟ್ಟ, ನಿಂಗೆ ಮಾತ್ರ ಮಾಸ್ಕ್ ಸಮೇತ ಕೊಟ್ಟಿದಾನೆ” ಎಂದು ತನ್ನ ಮಾತಿಗೆ ತಾನೇ ನಕ್ಕಿದ್ದಳು. ಆರು ತಿಂಗಳ ಹಿಂದೆ ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಕೆಲಸ ಮಾಡುವಾಗ, ಅದೇ ಆಸ್ಪತ್ರೆಯ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದವಳು ಬಕೆಟ್ಟಿನ ಪಕ್ಕ ಕೂತು, “ನರ ಒಣಗ್ತಿದೆಯಂತೆ ಕಣೇ, ಕನ್ನಡಕಕ್ಕೆ ಬಗ್ಗೋದಲ್ಲವಂತೆ” ಎಂದು ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದ್ದಳು. “ನಿನ್ನ ಚಿಕ್ಕಪ್ಪನ ಕಿವಿಗೆ ಹಾಕ್ಬೇಡ. ನೆಲ ಉಜ್ಜೋದು ಕೈಯಲ್ಲಿ, ಕಣ್ಣಲ್ಲಲ್ಲ.” ಆವತ್ತಿನಿಂದ ಸಂಖ್ಯೆ ಓದುವುದು ಅವಳ ಕೆಲಸವಾಯಿತು. ಮನೆಯಲ್ಲಿ ಅಣ್ಣಂದಿರ ಮಾತಿನ ನಡುವೆ ಒಂದು ವಾಕ್ಯವನ್ನೂ ಪೂರ್ತಿ ಮಾಡಲಾಗದ ತಾನು ಒಬ್ಬರಿಗೆ ಕಣ್ಣಾಗಿದ್ದೇನೆ ಎಂಬುದು ಅವಳಿಗೆ ಯಾರಿಗೂ ಹೇಳಿಕೊಳ್ಳಲಾಗದಂಥ ಒಂದು ಸಂತೋಷವಾಗಿತ್ತು. ಮೊನ್ನೆಯ ತನಕ.

ಕಲ್ಲು ನಗುತ್ತದೆ ಎನ್ನುವುದು ಚಿಕ್ಕಪ್ಪನ ಮಾತು. ಅವನು ಯಾರಿಂದ ಕಲಿತನೋ. ಗೊತ್ತಿಲ್ಲದ ನೆಲಕ್ಕೆ ಕೈಹಾಕುವ ಮೊದಲು ಬಾಗಿಲ ಸಂದಿಯಲ್ಲೋ ಬೀರುವಿನ ಹಿಂದೋ ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಒಂದೇ ಒಂದು ತೊಟ್ಟು ಆಸಿಡ್ ಬಿಟ್ಟು ಕಿವಿಗೊಡಬೇಕು. ಗ್ರಾನೈಟಾದರೆ ತುಟಿ ಬಿಚ್ಚುವುದಿಲ್ಲ. ಅಮೃತಶಿಲೆಯಾದರೆ ನೊರೆಯೆದ್ದು ಸಣ್ಣಗೆ ಸುಯ್ ಎನ್ನುತ್ತದೆ, ತರಗತಿಯ ಹಿಂದಿನ ಬೆಂಚಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಯಾರೋ ನಕ್ಕ ಹಾಗೆ. “ನಕ್ಕ ಕಲ್ಲಿಗೆ ಆಸಿಡ್ ತೋರಿಸ್ಬಾರದು. ಬಚ್ಚಲು ಟೈಲ್ಸ್ ಪಾಪದ್ದು, ಏನು ಸುರಿದ್ರೂ ತಡ್ಕೊಳ್ಳತ್ತೆ. ಇದು ದೊಡ್ಡ ಮನೆ ಸೊಸೆ, ಹುಳಿ ಮಾತು ತಾಗಿದ್ರೂ ಮುಖ ಸಪ್ಪೆ ಮಾಡ್ಕೊಳ್ಳತ್ತೆ.” ಅದಕ್ಕೇ ಬಚ್ಚಲಿನ ಆಸಿಡ್ ಕ್ಯಾನಿನ ಕತ್ತಿಗೆ ಕೆಂಪು ದಾರ, ಹಾಲ್ ತೊಳೆಯುವ ಸೋಪುನೀರಿನ ಕ್ಯಾನಿಗೆ ಏನೂ ಇಲ್ಲ. ಅವಳಂತೂ ಒಂದು ಸಲ ತೊಟ್ಟು ಬಿಟ್ಟು ನೋಡಿದರೆ ಸಾಲದೆಂದು ಎರಡು ಮೂರು ಮೂಲೆಯಲ್ಲಿ ನೋಡುವವಳು. “ಇವಳ ಟೆಸ್ಟ್ ಮುಗಿಯೋದ್ರೊಳಗೆ ಮನೆಯೋರು ಮನೆ ಮಾರ್ಕೊಂಡು ಹೋಗಿರ್ತಾರೆ” ಎಂದು ಚಿಕ್ಕಪ್ಪ ಎಲ್ಲರೆದುರು ಹೇಳುತ್ತಿದ್ದ, ಒಂದಿಷ್ಟು ಹೆಮ್ಮೆಯಿಂದಲೇ.

ಮೊನ್ನೆ ಅವಳು ಬಚ್ಚಲು ಮುಗಿಸಿ ಕೆಂಪು ದಾರದ ಕ್ಯಾನನ್ನು ಬಾಲ್ಕನಿಗೆ ಒಯ್ಯಲೆಂದು ಹಾಲ್ ದಾಟುತ್ತಿದ್ದಳು. ದೊಡ್ಡಮ್ಮ ಅಷ್ಟು ದೂರ ಸೋಪುನೀರಲ್ಲಿ ತೊಳೆದು, ನೀರು ತುಂಬಿಸಿಕೊಂಡು ಬರಲು ಅಡುಗೆಮನೆಗೆ ಹೋಗಿದ್ದಳು. ಆಗ ಹೊರಬಾಗಿಲಿನಲ್ಲಿ ಒಂದು ದನಿ ಕೇಳಿತು, ಫೋನಿನಲ್ಲಿ ಯಾರಿಗೋ, “ಇಲ್ಲ ಇಲ್ಲ, ಅದು ಹಾಗಲ್ಲ” ಎನ್ನುತ್ತಾ. ‘ಹಾಗಲ್ಲ’ದ ಕೊನೆಯನ್ನು ಸ್ವಲ್ಪ ಮೇಲಕ್ಕೆತ್ತಿ ಅಲ್ಲೇ ಬಿಟ್ಟುಬಿಡುವ ಆ ದನಿಯನ್ನು ಅವಳು ಮೂರು ವರ್ಷ ಕೇಳಿದ್ದಳು. ಮನೆಯ ಕೀಲಿ ಕೊಟ್ಟವನು ಯಾರೋ ಗಂಡಸು, ಅಕ್ಕನ ಹೊಸ ಮನೆ ಅಂದಿದ್ದ. ಆ ಅಕ್ಕ ತನ್ನ ಕಾಲೇಜಿನ ಮೇಡಂ ಆಗಿರಬಹುದೆಂದು ಅವಳಿಗೆ ಹೇಗೆ ಹೊಳೆಯಬೇಕು. ಓಡಿಹೋಗಲು ಬಾಗಿಲಿರಲಿಲ್ಲ. ಕೈಯಲ್ಲಿ ಕ್ಯಾನ್ ಹಿಡಿದು ನಡುಮನೆಯಲ್ಲಿ ನಿಂತವಳನ್ನು ಯಾರಾದರೂ ಮಾತಾಡಿಸುತ್ತಾರೆ. ಬೆನ್ನು ತಿರುಗಿಸಿ ಕೂತು ನೆಲ ಒರೆಸುವವಳನ್ನು ಯಾರೂ ಮಾತಾಡಿಸುವುದಿಲ್ಲ. ಅಷ್ಟೇ ಯೋಚನೆ. ಗೋಡೆಗೆ ಮುಖ ಮಾಡಿ ಕುಕ್ಕರಿಸಿ, ಕೈಯಲ್ಲಿದ್ದುದನ್ನು ಸುರಿದು ಬಟ್ಟೆಯಾಡಿಸಿದಳು. ಕಲ್ಲು ನಕ್ಕಿತು. ಮೊದಲು ಗೋಡೆಯ ಕಡೆಯಿಂದ, ಆಮೇಲೆ ಬಟ್ಟೆಯ ಕೆಳಗಿನಿಂದ, ಅಂಗೈಗೆ ಕಚಗುಳಿಯಿಡುವ ಹಾಗೆ. ಅದು ಏನೆಂದು ತಿಳಿದ ಮೇಲೂ ಅವಳು ಎದ್ದು ನೀರಿಗೆ ಓಡಲಿಲ್ಲ. ಓಡಿದರೆ ಮುಖ ಕಾಣುತ್ತದೆ. ಮೇಡಂ ಕಿಟಕಿಯ ತನಕ ಬಂದು, ಫೋನನ್ನು ಕಿವಿಯಿಂದ ಒಂದಿಷ್ಟು ಸರಿಸಿ, “ಸ್ವಲ್ಪ ಸರೀತೀರೇನಮ್ಮ” ಎಂದರು. ಅವಳು ಸರಿದಳು. ಮಾಸ್ಕಿನ ಮೇಲಿನ ಅವಳ ಕಣ್ಣಿನ ಮೇಲೆ ಮೇಡಂ ದೃಷ್ಟಿ ಬಿತ್ತು, ಗೋಡೆಯ ಸ್ವಿಚ್ಚಿನ ಮೇಲೆ ಬೀಳುವ ಹಾಗೆ ಬಿದ್ದು ಮುಂದೆ ಹೋಯಿತು. ಗುರುತು ಸಿಗಲಿಲ್ಲ. ಎದೆಯ ಮೇಲಿನ ಚಪ್ಪಡಿ ಜಾರಿದಷ್ಟು ಹಗುರವಾಯಿತು. ಆಮೇಲೆ, ಕಾರಣವೇ ತಿಳಿಯದ ಹಾಗೆ, ಮೇಡಂ ಬೆನ್ನನ್ನೇ ನೋಡುತ್ತ ಕೂತಳು.

ಮೇಡಂ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಇಷ್ಟು ಹೊತ್ತಿಗೆ ಬೈದು ಬೈದು ಮರೆತಿರುತ್ತಿದ್ದಳು. ಎರಡನೇ ವರ್ಷದಲ್ಲಿ ಪ್ರತಿಯೊಬ್ಬರೂ ತಾವು ಬರೆದ ಒಂದು ಪುಟ ಓದಬೇಕೆಂದಾಗ ಅವಳು ಮೂರು ದಿನ ಬರೆದಿದ್ದಳು. ಖಾಲಿ ಮನೆಯೊಂದರ ಬಗ್ಗೆ. ಎದ್ದು ನಿಂತು, ಹಾಳೆ ನಡುಗದಿರಲೆಂದು ಎರಡು ಕೈಯಲ್ಲೂ ಹಿಡಿದು ಓದಿದಳು, ನಾಲ್ಕನೇ ಸಾಲು, “ನಾವು ನಡೆದು ಹೋಗುತ್ತೇವೆ, ನೆಲ ನಮ್ಮನ್ನು ನೋಡುತ್ತಲೇ ಇರುತ್ತದೆ.” ಮೇಡಂ ಹುಬ್ಬೇರಿಸಿ, “ಕೆಳಗಿಂದ ನೋಡತ್ತಾ? ಹಾಗಾದ್ರೆ ಹುಡುಗೀರೆಲ್ಲ ಹುಷಾರಾಗಿ ನಿಂತ್ಕೋಬೇಕಾಯ್ತು” ಎಂದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬಟ್ಟೆಯನ್ನು ಮೊಣಕಾಲಿಗೆ ಬಿಗಿಯಾಗಿ ಒತ್ತಿಕೊಂಡು ತೋರಿಸಿದಳು. ಮೇಡಂ ಕೂಡ ನಕ್ಕರು, ತಮ್ಮ ಜಾಣ ಮಾತು ತಮಗೇ ಹಿಡಿಸಿದವರ ನಗು, ಅದರಲ್ಲಿ ಇವಳ ಮೇಲೆ ಒಂದು ಚೂರೂ ದ್ವೇಷವಿರಲಿಲ್ಲ. “ಮುಂದೆ ಓದಮ್ಮ” ಎಂದರು. ಅವಳು ಓದಲಿಲ್ಲ. ಕಾಲೇಜು ಮುಗಿಯುವ ತನಕ ಅವಳ ಹೆಸರು ‘ನೆಲ’ ಎಂದೇ ಆಯಿತು. ನೆಲ ಬಂತು, ನೆಲ ಕೂತಿದೆ, ನೆಲ ಇವತ್ತು ಹೊಸ ಬಟ್ಟೆ ಹಾಕಿದೆ. ಚಿಕ್ಕಪ್ಪನ ಕೆಲಸಕ್ಕೆ ಸೇರಿದ ದಿನ ಅವಳಿಗೇ ನಗು ಬಂದಿತ್ತು. ಹಂಚಿಕೊಳ್ಳಲು ಯಾರೂ ಇರಲಿಲ್ಲ. ಈಗ ಉಜ್ಜುತ್ತ ಉಜ್ಜುತ್ತ ಅವಳಿಗೆ ಅನ್ನಿಸಿತು, ಆ ಸಾಲಿನಲ್ಲಿ ನಿಜಕ್ಕೂ ಏನೋ ಎಡವಟ್ಟಿತ್ತು, ಬೇರೆ ಯಾರಾದರೂ ಓದಿದ್ದರೆ ತಾನೂ ನಗುತ್ತಿದ್ದೆ.

ನೀರು ಆರಿತು. ಕಲೆ ಹಾಗೇ ಇತ್ತು, ಅಂಚು ಮಾತ್ರ ಸ್ವಲ್ಪ ಕರಗಿ ಇನ್ನಷ್ಟು ಅಗಲವಾದ ಹಾಗೆ.

“ಹೋಯ್ತಾ?” ಎಂದಳು ದೊಡ್ಡಮ್ಮ.

“ಸ್ವಲ್ಪ ಇದೆ.”

“ಸ್ವಲ್ಪ ಅಂದ್ರೆ ಎಷ್ಟೇ? ನೀನು ಸ್ವಲ್ಪ ಅಂದ್ರೆ ಬೆಟ್ಟದಷ್ಟು ಅಂತ ನಂಗೊತ್ತು.” ದೊಡ್ಡಮ್ಮ ಅಂಗೈ ಒರೆಸಿಕೊಂಡು ಕಲ್ಲಿನ ಮೇಲೆ ಬೆರಳ ತುದಿಯಾಡಿಸಿದಳು. ನಯವಾದ ಕಲ್ಲಿನಿಂದ ಒರಟು ಶುರುವಾಗುವ ಗೆರೆಯ ಮೇಲೆ ಬೆರಳು ನಿಂತಿತು. “ಇಲ್ಲೇ ನೋಡು. ನನ್ನ ಕೈಯಾರೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಕಲ್ಲನ್ನ ನಗಿಸಿದೋಳಲ್ಲ ನಾನು.”

ನಿನ್ನೆ ಮಧ್ಯಾಹ್ನ ಮೇಡಂ ಬಂದು ಕಲೆ ತೋರಿಸಿದಾಗ ದೊಡ್ಡಮ್ಮ ಒಂದು ನಿಮಿಷವೂ ಯೋಚಿಸಿರಲಿಲ್ಲ. ಅಲ್ಲಿ ತೊಳೆದವಳು ತಾನು. ಎರಡು ಕ್ಯಾನ್‌ಗಳಲ್ಲಿ ದಾರವಿದ್ದದ್ದು ಯಾವುದು ಎಂದು ತನಗೆ ಕಾಣುವುದಿಲ್ಲ. ಅಲ್ಲಿಗೆ ಲೆಕ್ಕ ಸರಿಹೋಯಿತು. “ನನ್ನಿಂದಲೇ ಆಗಿರ್ಬೇಕು ತಾಯಿ” ಎಂದುಬಿಟ್ಟಳು. ಮೇಡಂ ಕೂಗಾಡಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ ಇವತ್ತು ಬಂದು ನೋಡಲು ಹೇಳಿದರು, ಅಷ್ಟೇ. ಸಂಜೆ ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯ ಪಕ್ಕ ಕೂತು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಅಂಗಡಿಯ ಬೋರ್ಡುಗಳನ್ನು ನೋಡುತ್ತಿದ್ದಳು, ಆಮೇಲೆ ಅದನ್ನು ಮುಚ್ಚಿ ಇದರಿಂದ. “ಅಲ್ಲಿ ಏನು ಬರ್ದಿದೆ?” “ಔಷಧಿ ಅಂಗಡಿ.” “ಅದರ ಪಕ್ಕ?” “ಚಪ್ಪಲಿ.” “ಹೂಂ. ಚಪ್ಪಲಿ ಅಂಗಡೀಲಿ ಔಷಧಿ ಕೇಳೋ ಕಾಲ ಬಂತು ನಂಗೆ” ಎಂದು ನಕ್ಕು ಮತ್ತೆ ಕಿಟಕಿಯ ಕಡೆ ತಿರುಗಿದಳು. ಪಕ್ಕದಲ್ಲಿದ್ದ ಇವಳ ನಾಲಿಗೆ ತುದಿಯಲ್ಲಿ ಮಾತು ಇತ್ತು. ಬಸ್ಸು ಒಂದೊಂದು ನಿಲ್ದಾಣದಲ್ಲಿ ನಿಂತಾಗಲೂ, ಮುಂದಿನದ್ದು ಬರಲಿ ಹೇಳುತ್ತೇನೆ ಎಂದುಕೊಂಡಳು. ಮನಸ್ಸಿನಲ್ಲಿ ಅದು, ‘ಆ ತಪ್ಪು ನಡೆದದ್ದು ನನ್ನಿಂದ’ ಎಂದು ಅಚ್ಚುಕಟ್ಟಾದ ಬರಹದ ವಾಕ್ಯವಾಗೇ ನಿಂತಿತ್ತು; ಹಾಗೆ ಯಾರು ಮಾತಾಡುತ್ತಾರೆ? ಅದನ್ನು ಆಡುಮಾತಿಗೆ ಇಳಿಸಬೇಕು. ಇಳಿಸುವಷ್ಟರಲ್ಲಿ ದೊಡ್ಡಮ್ಮ ಕಂಬಿ ಹಿಡಿದು, ಮೆಟ್ಟಿಲಿಗಾಗಿ ಕಾಲಲ್ಲಿ ತಡಕಾಡಿ ಇಳಿದುಹೋಗಿದ್ದಳು.

“ಚಿಕ್ಕಪ್ಪ ಏನಂತಾನೆ ಅಂತ ಯೋಚ್ನೆನಾ?” ದೊಡ್ಡಮ್ಮ ಈಗ ಕೇಳಿದಳು. “ಏನೂ ಅನ್ನಲ್ಲ ಬಿಡು. ನಾನೇ ಹೇಳ್ಬಿಡ್ತೀನಿ ಕಣ್ಣಿನ ವಿಷ್ಯ. ಮುಚ್ಚಿಟ್ಟು ಇನ್ನೊಬ್ರ ಮನೆ ನೆಲ ಸುಡೋದು ಬೇಡ. ಈ ನೆಲ ಮುಗಿಸಿ ಮನೇಲಿ ಕೂತ್ಕೋತೀನಿ.”

“ದೊಡ್ಡಮ್ಮ.”

“ಏನೇ.”

“ಕಣ್ಣಿನ ವಿಷ್ಯ ಹೇಳ್ಬೇಡಿ.”

“ಯಾಕೆ?”

ಈಗ ಹೇಳಬಹುದಿತ್ತು. ಹಾಲ್‌ನಲ್ಲಿ ಇಬ್ಬರೇ, ಮಾಸ್ಕಿನ ಮರೆ, ಎದುರಿಗಿರುವುದು ತನ್ನನ್ನು ಸರಿಯಾಗಿ ಕಾಣಲಾರದ ಕಣ್ಣು. ಇದಕ್ಕಿಂತ ಸುಲಭದ ಗಳಿಗೆ ಸಿಗುವುದಿಲ್ಲ. ದೊಡ್ಡಮ್ಮ ತಲೆಯೋರೆ ಮಾಡಿ, ಬಲಗಣ್ಣನ್ನು ಅವಳ ಕಡೆ ತಿರುಗಿಸಿ ಕಾಯುತ್ತಿದ್ದಳು. ಅವಳು, “ಸುಮ್ನೆ” ಎಂದಳು. ಅಂದ ಕೂಡಲೇ ತನ್ನ ಬಗ್ಗೆ ಹೇಸಿಗೆಯಾಗಿ, ನೀರು ತರುವ ನೆವದಿಂದ ಎದ್ದು ಅಡುಗೆಮನೆಗೆ ಹೋಗಿ, ಬಕೆಟ್ ತುಂಬಿ ಹೊರಚೆಲ್ಲುವ ತನಕ ನಲ್ಲಿಯೆದುರು ನಿಂತಳು.

ಚಿಕ್ಕಪ್ಪನೂ ಮೇಡಂ ಕೂಡ ಒಟ್ಟಿಗೇ ಮೆಟ್ಟಿಲು ಹತ್ತಿ ಬಂದರು. ಚಿಕ್ಕಪ್ಪ ದಪ್ಪ ಆಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆಲ್ಮೆಟನ್ನು ಕೆಳಗಿಟ್ಟು, ಏದುಸಿರು ಬಿಡುತ್ತಲೇ ಕಲೆಯ ಪಕ್ಕ ಮೊಣಕಾಲೂರಿದ. ಕೆನ್ನೆಯನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿ ಕಲ್ಲಿನುದ್ದಕ್ಕೂ ನೋಡಿದ. “ಆಸಿಡ್ಡೇ,” ಎಂದ. “ಇಷ್ಟು ಜಾಗ ಮಾತ್ರ ಉಜ್ಜಿದ್ರೆ ತೇಪೆ ಹಾಕಿದ ಹಾಗೆ ಕಾಣತ್ತೆ ಮೇಡಂ. ಮಿಷನ್ ತಂದು ಇಡೀ ಹಾಲ್ ಮೊದಲಿಂದ ಮಾಡ್ತೀನಿ. ನನ್ನ ಜವಾಬ್ದಾರಿ.”

“ನಾನು ಜಗಳ ಆಡೋಳಲ್ಲ,” ಎಂದರು ಮೇಡಂ. “ಆದ್ರೆ ಹೇಗಾಯ್ತು ಅಂತ ಗೊತ್ತಾಗ್ಬೇಕಲ್ವಾ? ಇನ್ನೂ ಎರಡು ರೂಮ್ ಬಾಕಿ ಇದೆ. ನಾಳೆ ಅಲ್ಲೂ ಹೀಗೇ ಆದ್ರೆ?”

“ಆಗಲ್ಲ ತಾಯಿ. ನಾನು ಇನ್ನು ಬರಲ್ಲ,” ಎಂದಳು ದೊಡ್ಡಮ್ಮ. ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಚಿಕ್ಕಪ್ಪನ ದನಿ ಬಂದ ಕಡೆ ತಿರುಗಿದಳು. “ನಂಗೆ ಕಣ್ಣು ಕಾಣಲ್ಲಪ್ಪ. ಎಡದ್ದು ಹೋಯ್ತು, ಬಲದ್ದು ಹೊರಟು ನಿಂತಿದೆ. ಆರು ತಿಂಗಳಾಯ್ತು. ಯಾವ ಕ್ಯಾನಿಗೆ ದಾರ ಇದೆ, ಯಾವುದಕ್ಕೆ ಇಲ್ಲ ಅಂತ ತಿಳೀದೆ ಸುರ್ದಿದೀನಿ.”

ಚಿಕ್ಕಪ್ಪ ಕೂತಲ್ಲಿಂದ ತಲೆಯೆತ್ತಿ ನೋಡಿದ.

“ನಾನು,” ಎಂದಳು ಅವಳು. ಮಾಸ್ಕಿನೊಳಗೇ ಅದು ಬೆಚ್ಚಗೆ ಉಳಿಯಿತು. ಯಾರೂ ತಿರುಗಲಿಲ್ಲ. ಅವಳು ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡಳು. “ನಾನು ಮಾಡಿದ್ದು, ಚಿಕ್ಕಪ್ಪ.”

“ನೀನು ಸುಮ್ನಿರು.”

“ನಿಜವಾಗ್ಲೂ ನಾನೇ.”

“ನೀನಾ? ಬಕೆಟ್ ಎತ್ತೋಕೂ ಮೂರು ಸಲ ಟೆಸ್ಟ್ ಮಾಡೋಳು ನೀನು. ಯಾರ ಹತ್ರ ಹೇಳ್ತೀಯ?” ಚಿಕ್ಕಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಮೇಡಂ ಅವಳನ್ನು ಮೊದಲ ಸಲ ಪೂರ್ತಿಯಾಗಿ ನೋಡಿದರು. ಮುಖ, ಕತ್ತು, ಬಿಳಿ ಕೆಸರು ಒಣಗಿದ ಕೈ. “ಎಷ್ಟು ಒಳ್ಳೆ ಹುಡುಗಿ ನೋಡಿ,” ಎಂದರು ಚಿಕ್ಕಪ್ಪನಿಗೆ. “ದೊಡ್ಡೋರ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ಳೋರು ಈಗ ಎಲ್ಲಿ ಸಿಗ್ತಾರೆ? ಇಂಥ ಮನಸ್ಸು ಓದು ಬರಹದಿಂದ ಬರೋದಲ್ಲ.” ದೊಡ್ಡಮ್ಮನ ಒದ್ದೆ ಕೈ ಅವಳ ಬೆನ್ನಿನ ಮೇಲೆ ಬಂತು, ಎರಡು ಸಲ ತಟ್ಟಿತು. “ಬೇಡ ಕಣೇ ಮಗೂ. ನನ್ನ ಪಾಲಿಂದು ನಂಗೇ ಇರ್ಲಿ. ನಿನ್ನ ಹೊಟ್ಟೆ ತಣ್ಣಗಿರ್ಲಿ.”

ಅಂಗಿಯ ಮೂಲಕ ಆ ಕೈಯ ತಂಪು ಬೆನ್ನಿಗಿಳಿಯಿತು. ಇನ್ನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುವ ಒಂದೇ ವಿದ್ಯೆ. ಹೇಳಬೇಕಾದ್ದನ್ನು ಹೇಳಿಯಾಗಿದೆ, ನಂಬದಿದ್ದರೆ ಅದು ಅವರ ಪಾಡು ಎಂದು ಆಮೇಲೆ ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಳ್ಳಬಹುದು. ಮೂವರು ಅವಳ ಸುತ್ತ ನಿಂತು ಅವಳನ್ನು ಒಳ್ಳೆಯವಳು ಎನ್ನುತ್ತಿದ್ದರು. ಮೇಡಂ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ ಎಂದು ಅವಳು ಒಂದು ಕಾಲದಲ್ಲಿ ಮೂರು ದಿನ ಊಟ ನಿದ್ದೆ ಬಿಟ್ಟು ಒಂದು ಪುಟ ಬರೆದಿದ್ದಳು, ಅದು ಈಗ ಬಂದಿತ್ತು, ಕೇಳದೆಯೇ ಬಂದಿತ್ತು, ಅವಳು ಹೇಳದ ಸುಳ್ಳಿಗೆ. ಒಂದು ಕ್ಷಣ ಅವಳು ಆ ಮಾತಿನೊಳಗೆ ನಿಂತಳು, ಚಳಿಯಲ್ಲಿ ಯಾರದೋ ಮನೆಯ ಒಲೆಯ ಮುಂದೆ ನಿಂತ ಹಾಗೆ. ಕೆನ್ನೆ ಬೆಚ್ಚಗಾಯಿತು. ಪಕ್ಕದಲ್ಲಿ ದೊಡ್ಡಮ್ಮ ತನ್ನ ಕೈಚೀಲಕ್ಕಾಗಿ ಗೋಡೆಯ ಬುಡವನ್ನು ತಡಕುತ್ತಿದ್ದಳು. ಚೀಲ ಅವಳ ಕೈಯಿಂದ ಒಂದು ಗೇಣು ಆಚೆಗಿತ್ತು. ನಿಜಕ್ಕೂ ಚೀಲ ಕಾಣುತ್ತಿರಲಿಲ್ಲವೋ, ಕಾಣುವುದಿಲ್ಲ ಎಂದು ನಿನ್ನೆಯಿಂದ ನಂಬಿಬಿಟ್ಟಿದ್ದಳೋ.

“ಚಿಕ್ಕಪ್ಪ, ಇವರು ನಮ್ಮ ಕಾಲೇಜಿನ ಮೇಡಂ,” ಎಂದಳು. ತನ್ನ ದನಿ ಖಾಲಿ ಹಾಲ್‌ನಲ್ಲಿ ತನಗೇ ಜೋರಾಗಿ ಕೇಳಿಸಿತು. “ಮೊನ್ನೆ ಇವರ ದನಿ ಕೇಳಿ ಹೆದ್ರಿದೆ. ನಾನು ಯಾರು ಅಂತ ಇವ್ರಿಗೆ ಗೊತ್ತಾಗ್ಬಾರ್ದಿತ್ತು. ಆಸಿಡ್ ಕ್ಯಾನ್ ಕೈಯಲ್ಲೇ ಇತ್ತು. ಬೆನ್ನು ತಿರುಗಿಸಿ ಕೂರೋಕೆ ಏನಾದ್ರೂ ಕೆಲ್ಸ ಬೇಕಿತ್ತು. ಸುರ್ದೆ. ದೊಡ್ಡಮ್ಮ ಆಗ ಅಡುಗೆಮನೇಲಿದ್ರು.” ಉಸಿರು ಸಾಲಲಿಲ್ಲ. “ಕಲ್ಲು ನಕ್ತು. ಕೇಳಿಸ್ತು ನಂಗೆ. ಕೇಳಿಸಿದ್ರೂ ನಾನು ಏಳಲಿಲ್ಲ.”

ಚಿಕ್ಕಪ್ಪ ಅವಳ ಮುಖವನ್ನೇ ನೋಡಿದ. “ಎಲ್ಲಿಂದ ನಕ್ತು?”

“ಗೋಡೆ ಕಡೆಯಿಂದ. ಆಮೇಲೆ ಬಟ್ಟೆ ಕೆಳಗೆ.”

ಅವನು ಬಗ್ಗಿ ಕಲೆಯ ಗೋಡೆ ಕಡೆಯ ಅಂಚನ್ನು ಹೆಬ್ಬೆರಳಿಂದ ಉಜ್ಜಿ ನೋಡಿದ. ಅಲ್ಲೇ ಸುಟ್ಟದ್ದು ಹೆಚ್ಚು. ಎದ್ದು ನಿಂತಾಗ ಅವನು ಅವಳನ್ನು ನೋಡಲಿಲ್ಲ.

“ನನ್ನ ಸ್ಟೂಡೆಂಟಾ ನೀನು?” ಎಂದರು ಮೇಡಂ. “ಯಾವ ವರ್ಷ?” ಅವಳು ಹೇಳಿದಳು. ಮೇಡಂ ಹುಬ್ಬು ಗಂಟಿಕ್ಕಿ ಪ್ರಾಮಾಣಿಕವಾಗಿ ಹುಡುಕಿದರು. ಎಷ್ಟೋ ತರಗತಿಗಳ ಎಷ್ಟೋ ಬೆಂಚುಗಳ ನಡುವೆ ಅವರ ಕಣ್ಣು ಓಡಾಡುವುದು ಕಾಣುತ್ತಿತ್ತು, ಎಲ್ಲಿಯೂ ನಿಲ್ಲಲಿಲ್ಲ. “ಆದ್ರೆ ನನ್ನ ನೋಡಿ ಯಾಕೆ ಹೆದ್ರೋದು? ನಾನು ಯಾವ ಹುಡುಗ್ರಿಗೂ ಒಂದು ಮಾತು ಗದರಿದೋಳಲ್ಲ.” ಅದು ನಿಜವಾಗಿತ್ತು. ಅವಳು ತಲೆಯಾಡಿಸಿದಳು. ಹೇಳುವುದಕ್ಕೆ ಇದ್ದ ಒಂದೇ ಒಂದು ವಾಕ್ಯವನ್ನು ಇಷ್ಟು ಜನರ ಮುಂದೆ ಇನ್ನೊಮ್ಮೆ ಓದುವ ಧೈರ್ಯ ಅವಳಿಗಿರಲಿಲ್ಲ. “ಡಿಗ್ರಿ ಮಾಡಿ ಈ…” ಎಂದು ಶುರುಮಾಡಿದ ಮೇಡಂ ನೆಲದ ಕಡೆ ನೋಡಿ, “ಒಳ್ಳೇದೇ. ಯಾವ ಕೆಲ್ಸ ಆದ್ರೇನು. ಮನೆಗೆ ಬಂದಾಗ ಮಾತಾಡಿಸು, ಹಾಗೆ ಅಡಗಿ ಕೂತ್ಕೋಬೇಡ” ಎಂದು ಮುಗಿಸಿ, ಫೋನ್ ಬಡಿದುಕೊಂಡದ್ದರಿಂದ ಬಾಲ್ಕನಿಗೆ ಹೋದರು.

ಹಾಲ್‌ನಲ್ಲಿ ಮೂವರು ಉಳಿದರು. ಚಿಕ್ಕಪ್ಪ ಈಗ ಬೈಯುತ್ತಾನೆ ಎಂದು ಅವಳು ಭುಜ ಕುಗ್ಗಿಸಿ ನಿಂತಳು. ಅವನು ದೊಡ್ಡಮ್ಮನ ಕಡೆ ತಿರುಗಿದ. “ಅಕ್ಕಾ, ಕಣ್ಣಿನ ವಿಷ್ಯ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳೋ ಅಂಥದ್ದೇನಿದೆ. ಅದು ನಾನು ಮಾಡಿದ್ದಲ್ಲ ಅಂತ ಈಗ ಗೊತ್ತಾಯ್ತಲ್ಲ.”

“ಅದು ಸರಿ. ಆದ್ರೆ ಕಾಣಲ್ಲ ಅನ್ನೋದು ನಿಜ ತಾನೇ?”

ದೊಡ್ಡಮ್ಮ ಕೊನೆಗೂ ಕೈಗೆ ಸಿಕ್ಕ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. ಇವತ್ತಿನ ತನಕ ಅದನ್ನು ಯಾರೂ ಕೇಳಿರಲಿಲ್ಲ. ಕೇಳುವ ಕಾರಣವನ್ನು ಯಾರೂ ಕೊಟ್ಟಿರಲಿಲ್ಲ. ಚಿಕ್ಕಪ್ಪ ಎರಡು ಕ್ಯಾನ್‌ಗಳನ್ನೂ, ದಾರವಿದ್ದದ್ದನ್ನೂ ಇಲ್ಲದ್ದನ್ನೂ, ತಾನೇ ಎತ್ತಿ ಹೊರಬಾಗಿಲ ಹತ್ತಿರ ಹೆಲ್ಮೆಟಿನ ಪಕ್ಕ ಇಟ್ಟ. “ಈ ಮನೆ ಮುಗೀಲಿ ಅಕ್ಕ. ಆಮೇಲೆ ನಿಧಾನಕ್ಕೆ ಮಾತಾಡೋಣ,” ಎಂದ, ತುಂಬ ಮೃದುವಾಗಿ. ಇಪ್ಪತ್ತೆರಡು ವರ್ಷ ದೊಡ್ಡಮ್ಮನ ಜೊತೆ ಕೂಗಿ ಕಿರುಚಿಯೇ ಕೆಲಸ ಮಾಡಿದವನು. ಆ ಮೃದು ದನಿ ಕೇಳಿದ ಮೇಲೆ ಇನ್ನು ಮಾತಾಡುವುದೇನೂ ಉಳಿದಿಲ್ಲ ಎಂದು ಮೂವರಿಗೂ ತಿಳಿಯಿತು. ಮಿಷನ್ ತರಲು ಅವನು ಇಳಿದು ಹೋದ. ಮೇಡಂ ಕೂಡ ಫೋನಿನಲ್ಲಿ ಮಾತಾಡುತ್ತಲೇ, ಕೈಯೆತ್ತಿ ಹೋಗಿಬರುತ್ತೇನೆ ಎಂಬಂತೆ ಸನ್ನೆ ಮಾಡಿ, ಬಾಗಿಲೆಳೆದುಕೊಂಡು ಹೋದರು.

ಬಿಸಿಲು ಕಿಟಕಿ ಬಿಟ್ಟು ಮೇಲೇರಿತ್ತು. ಮಿಷನ್ ಬರುವ ತನಕ ಅಂಚುಗಳನ್ನು ಕೈಯಲ್ಲೇ ಮಾಡಬೇಕು, ಗೋಡೆಯ ಬುಡಕ್ಕೆ ಮಿಷನ್ ತಾಗುವುದಿಲ್ಲ. ದೊಡ್ಡಮ್ಮ ಕೈಚೀಲವನ್ನು ಕೆಳಗಿಟ್ಟು ಎದುರುಗೋಡೆಯ ಬುಡದಲ್ಲಿ ಕೂತಳು. ಅವಳು ಈಚೆ ಗೋಡೆಯ ಬುಡದಲ್ಲಿ ಕೂತಳು. ಎರಡು ಪ್ಯಾಡುಗಳ ಸದ್ದು ಖಾಲಿ ಹಾಲ್‌ನಲ್ಲಿ ಒಂದರ ಹಿಂದೆ ಒಂದು ಹೋಗುತ್ತಿತ್ತು, ಕೆಲವೊಮ್ಮೆ ಒಂದಾಗುತ್ತಿತ್ತು, ಮತ್ತೆ ಬೇರೆಯಾಗುತ್ತಿತ್ತು. ದೊಡ್ಡಮ್ಮನ ಕೈಯಲ್ಲಿದ್ದ ಪ್ಯಾಡು ಯಾವ ಸಂಖ್ಯೆಯದೆಂದು ಇಲ್ಲಿಂದ ಕಾಣುತ್ತಿರಲಿಲ್ಲ. ಕೇಳುತ್ತಾಳೆ ಎಂದು ಅವಳು ಕಾದಳು. ದೊಡ್ಡಮ್ಮ ಪ್ಯಾಡಿನ ಬೆನ್ನನ್ನು ಕೆನ್ನೆಗೆ ಒತ್ತಿ ನೋಡಿಕೊಂಡಳು, ಮೂಗಿಗೆ ತಾಗುವಷ್ಟು ಬಲಗಣ್ಣಿನ ಹತ್ತಿರ ಹಿಡಿದಳು, ಆಮೇಲೆ ಉಜ್ಜತೊಡಗಿದಳು. ಬೈಯಲಿ ಎಂದು ಅವಳು ಬೇಡಿಕೊಂಡಳು. ಬೈಗುಳವನ್ನು ತಾನೇ ಒಂದೊಂದಾಗಿ ಜೋಡಿಸಿ ಆ ಬಾಯಲ್ಲಿಟ್ಟಳು: ನಿನ್ನೆಯಿಂದ ನನ್ನ ಕುರುಡಿ ಮಾಡಿ ಕೂರಿಸಿದ್ಯಲ್ಲೇ, ಬಸ್ಸಲ್ಲಿ ಪಕ್ಕದಲ್ಲೇ ಕೂತು ಚಪ್ಪಲಿ ಅಂಗಡಿ ಓದಿದ್ಯಲ್ಲೇ, ಬಾಯಿ ಸತ್ತವಳೇ. ಒಂದು ಸಲ ಅಂದುಬಿಟ್ಟರೆ ಅಳಬಹುದು, ಕಾಲು ಹಿಡಿಯಬಹುದು, ನಾಳೆಯಿಂದ ಮತ್ತೆ ಸಂಖ್ಯೆ ಓದಬಹುದು. ನೀರಿನಲ್ಲಿ ಕೈಬೆರಳು ನಿರಿಗೆಗಟ್ಟಿದವು. ಎಷ್ಟು ಹೊತ್ತಾಯಿತೋ, ಎದುರುಗೋಡೆಯ ಸದ್ದು ನಿಂತಿತು.

“ಆ ಪೌಡರ್ ಡಬ್ಬ ಸ್ವಲ್ಪ ಈ ಕಡೆ ಕೊಡ್ತೀರಾ,” ಎಂದಳು ದೊಡ್ಡಮ್ಮ.

ಮೇಡಂ ಮತ್ತೆ ಬಂದರೇನೋ ಎಂದು ಅವಳು ತಿರುಗಿ ನೋಡಿದಳು. ಬಾಗಿಲು ಮುಚ್ಚಿತ್ತು. ಹಾಲ್‌ನಲ್ಲಿ ಅವರಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.